ಮಿರಜ್‌ನ ವಾನ್ಲೆಸ್ ಡಾಕ್ಟರ್: ಶಸ್ತ್ರ ಹಿಡಿದ ಕೈ, ಹಿಡಿಯಲು ಕಲಿಸಿದ ಕೈ

ಬೀಡಿ ಸುತ್ತುವ ಉಮ್ಮನ ಬೆರಳು, ದಕ್ಕೆಯಲ್ಲಿ ಬಲೆ ಎಳೆಯುವವನ ಅಂಗೈ, ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವ ಹುಡುಗನ ಹೆಬ್ಬೆರಳು. ಕರಾವಳಿಯ ಎಷ್ಟೋ ಬ್ಯಾರಿ ಮನೆಗಳಲ್ಲಿ ಒಲೆ ಉರಿದದ್ದೇ ಇಂಥ ಕೈಗಳಿಂದ. ಒಂದು ಬೆರಳು ಹೋದರೆ ಹೋಗುವುದು ಬರೀ ಬೆರಳಲ್ಲ, ಮನೆಯ ಅಕ್ಕಿ, ಮಕ್ಕಳ ಫೀಸು, ಮಗಳ ಮದುವೆ ಎಲ್ಲವೂ ಅದರ ಜೊತೆ ಹೋಗುತ್ತದೆ. ಕೈ ಕಳೆದುಕೊಂಡವನಿಗೆ ಮತ್ತೆ ಕೈ ಕೊಡುವವನು ಯಾರು? ಅವನು ಎಲ್ಲಿ ಕಲಿತು ಬಂದ? ಅವನ ಕೈಗೆ ಶಸ್ತ್ರ ಕೊಡಬಹುದು ಅಂತ ತೀರ್ಮಾನ ಮಾಡಿದ್ದು ಯಾರು?

ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ದಾರಿ ಹೋಗಿ ನಿಲ್ಲುವ ಊರುಗಳಲ್ಲಿ ಒಂದು ಮಹಾರಾಷ್ಟ್ರದ ಮಿರಜ್. ಸಾಂಗ್ಲಿಯ ಪಕ್ಕದ ಊರು, ಕರ್ನಾಟಕದ ಗಡಿಗೆ ತಾಗಿದಂತೆಯೇ ಇದೆ. ಅಥಣಿ, ಚಿಕ್ಕೋಡಿ, ರಾಯಬಾಗ, ಕುಡಚಿ, ಆಚೆ ವಿಜಯಪುರ, ಬಾಗಲಕೋಟೆ ಕಡೆಯ ಜನರಿಗೆ ದೊಡ್ಡ ಕಾಯಿಲೆ ಅಂದರೆ ಮಿರಜ್ ಅಂತಲೇ ಲೆಕ್ಕ. ಅಲ್ಲಿನ ಗಲ್ಲಿ ಗಲ್ಲಿಯಲ್ಲೂ ಡಾಕ್ಟರ ಬೋರ್ಡು, ಕನ್ನಡ ಮಾತಾಡುವ ರೋಗಿಗಳು. ಈ ಊರು ಆಸ್ಪತ್ರೆಗಳ ಊರಾಗಲು ಬೀಜ ಬಿತ್ತಿದವರು ವಿಲಿಯಂ ಜೇಮ್ಸ್ ವಾನ್ಲೆಸ್. ಅವರು ತೀರಿಕೊಂಡು 90 ವರ್ಷ ದಾಟಿದೆ. ಆದರೂ ಆ ಸೀಮೆಯ ಜನ ಆಸ್ಪತ್ರೆಯನ್ನು ಅವರ ಹೆಸರಿಂದಲೇ ಕರೆಯುತ್ತಾರೆ.

ಕೆನಡಾದಿಂದ ಸಾಂಗ್ಲಿಗೆ

ವಾನ್ಲೆಸ್ ಹುಟ್ಟಿದ್ದು 1865ರ ಮೇ 1ರಂದು, ಕೆನಡಾದ ಒಂಟಾರಿಯೋ ಪ್ರಾಂತ್ಯದ ಚಾರ್ಲ್‌ಸ್ಟನ್ ಎಂಬ ಹಳ್ಳಿಯಲ್ಲಿ. ಹೆತ್ತವರು ಸ್ಕಾಟ್ಲೆಂಡ್ ಮೂಲದವರು, ಪ್ರೆಸ್‌ಬಿಟೇರಿಯನ್ ಕ್ರೈಸ್ತರು. ಹುಡುಗ ನ್ಯೂಯಾರ್ಕ್‌ಗೆ ಹೋಗಿ ವೈದ್ಯಕೀಯ ಓದಿದರು. 1889ರಲ್ಲಿ ಪದವಿ ಬಂತು. ಅದೇ ವರ್ಷ ಮೇರಿ ಮಾರ್ಷಲ್ ಎಂಬವರ ಜೊತೆ ಮದುವೆಯೂ ಆಯಿತು. ಅದೇ ವರ್ಷ ಗಂಡ ಹೆಂಡತಿ ಇಬ್ಬರೂ ಅಮೆರಿಕದ ಪ್ರೆಸ್‌ಬಿಟೇರಿಯನ್ ಮಿಷನ್ ಪರವಾಗಿ ಭಾರತಕ್ಕೆ ಹೊರಟುಬಿಟ್ಟರು. ಆಗ ಅವರಿಗೆ ಬರೀ 24 ವರ್ಷ.

ಅವರು ಬಂದದ್ದು ಮಿಷನರಿಯಾಗಿ. ತಮ್ಮ ಧರ್ಮದ ಪ್ರಚಾರವೂ ಅವರ ಕೆಲಸದ ಭಾಗವಾಗಿತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಆದರೆ ಆಸ್ಪತ್ರೆಯ ಬಾಗಿಲಿಗೆ ಬಂದವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಜೈನರಿದ್ದರು, ಲಿಂಗಾಯತರಿದ್ದರು. ಆ ಸೀಮೆ ಅವರನ್ನು ನೆನಪಿಟ್ಟುಕೊಂಡಿರುವುದು ಡಾಕ್ಟರ್ ಆಗಿಯೇ.

ಮೊದಲು ಸಾಂಗ್ಲಿಯಲ್ಲಿ ಒಂದು ಸಣ್ಣ ಔಷಧಾಲಯ. ಸಾಂಗ್ಲಿ ಮತ್ತು ಮಿರಜ್ ಎರಡೂ ಆಗ ಪಟವರ್ಧನ ಮನೆತನದ ಬೇರೆ ಬೇರೆ ಸಂಸ್ಥಾನಗಳು. ಮಿರಜ್‌ಗೆ ಒಂದು ಅನುಕೂಲ ಇತ್ತು. ಪುಣೆಯಿಂದ ದಕ್ಷಿಣಕ್ಕೆ ಹೋಗುವ ರೈಲು ಅಲ್ಲಿ ನಿಲ್ಲುತ್ತಿತ್ತು. ರೈಲು ಇದ್ದಲ್ಲಿಗೆ ರೋಗಿ ಬರುತ್ತಾನೆ. ಮಿರಜ್‌ನ ಅರಸರು ಜಾಗ ಕೊಟ್ಟರು. ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್ ಎಂಬ ಶ್ರೀಮಂತ ಉದ್ಯಮಿ ಕಟ್ಟಡಕ್ಕೆ ದುಡ್ಡು ಕೊಟ್ಟರು. 1894ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ಅರಸರ ಜಾಗ, ದೂರದ ದಾನಿಯ ಹಣ, ಒಬ್ಬ ಹರೆಯದ ಡಾಕ್ಟರನ ದುಡಿಮೆ ಮೂರೂ ಒಂದೇ ಕಡೆ ಸೇರಿದ್ದು ಮಿರಜ್‌ನ ಅದೃಷ್ಟ.

ಎಕ್ಸ್‌ರೇ ಇಲ್ಲದ ಕಾಲದ ಆಪರೇಶನ್

ಆ ಕಾಲದ ಶಸ್ತ್ರಚಿಕಿತ್ಸೆ ಎಂಥದ್ದು ಅಂತ ಈಗ ಊಹಿಸುವುದೂ ಕಷ್ಟ. ಆಸ್ಪತ್ರೆ ಶುರುವಾದಾಗ ಎಕ್ಸ್‌ರೇ ಎಂಬುದೇ ಇರಲಿಲ್ಲ, ರಾಂಟ್‌ಗನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. ರಕ್ತದ ಗುಂಪು ಅಂತ ಒಂದಿದೆ ಎಂದು ಗೊತ್ತಾದದ್ದು 1901ರ ಹೊತ್ತಿಗೆ. ಪೆನ್ಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ, ಅಂದರೆ ವಾನ್ಲೆಸ್ ಮಿರಜ್ ಬಿಟ್ಟು ಹೊರಟ ವರ್ಷ! ಹೀಗೆ ಅವರ ಇಡೀ ಸೇವೆ ನಡೆದದ್ದು ಆ್ಯಂಟಿಬಯಾಟಿಕ್ ಇಲ್ಲದ ಕಾಲದಲ್ಲಿ. ಗಾಯ ಕೀವಾದರೆ ಕೊಡಲು ಮಾತ್ರೆಯಿಲ್ಲ. ಕೈ ತೊಳೆಯುವುದು, ಉಪಕರಣ ಕುದಿಸುವುದು, ಬಟ್ಟೆ ಶುದ್ಧ ಇಡುವುದು, ಇಷ್ಟೇ ರಕ್ಷಣೆ. ಅದರಲ್ಲಿ ಒಬ್ಬ ಸಹಾಯಕ ಒಂದು ದಿನ ಸೋಮಾರಿಯಾದರೂ ರೋಗಿಯ ಜೀವ ಹೋಗಬಹುದು.

ಹಾಗಾಗಿ ಅಂದಿನ ಸರ್ಜನ್‌ಗೆ ಯಂತ್ರಕ್ಕಿಂತ ಮನುಷ್ಯರೇ ಮುಖ್ಯ. ಕ್ಲೋರೋಫಾರ್ಮ್ ಕೊಡುವವನು ನಾಡಿ ನೋಡಿ ಎಷ್ಟು ಹನಿ ಅಂತ ತಿಳಿಯಬೇಕು. ಡ್ರೆಸ್ಸಿಂಗ್ ಮಾಡುವವಳು ಗಾಯದ ಬಣ್ಣ ನೋಡಿ ಅಪಾಯ ಹೇಳಬೇಕು. ವಾನ್ಲೆಸ್ ಕಣ್ಣಿನ ಪೊರೆ ತೆಗೆದರು, ಹೊಟ್ಟೆಯ ಗಡ್ಡೆ ತೆಗೆದರು, ಕಲ್ಲು ತೆಗೆದರು, ಮುರಿದ ಮೂಳೆ ಕೂಡಿಸಿದರು. ಆಗ ಇಂತಿಂಥ ಅಂಗಕ್ಕೆ ಇಂತಿಂಥ ಡಾಕ್ಟರ್ ಅಂತ ಇರಲಿಲ್ಲ, ಬಂದದ್ದಕ್ಕೆಲ್ಲ ಒಬ್ಬರೇ. ಎತ್ತಿನಗಾಡಿಯಲ್ಲಿ, ರೈಲಿನಲ್ಲಿ, ಕಂಬಳಿಯಲ್ಲಿ ಹೊತ್ತುಕೊಂಡು ರೋಗಿಗಳನ್ನು ತರುವ ಕಾಲ. ಹೆಸರು ಹರಡಿದಷ್ಟೂ ಸಾಲು ಉದ್ದ ಆಯಿತು.

ಒಬ್ಬನೇ ಮಾಡಿದರೆ ಮುಗಿಯದ ಕೆಲಸ

ಇಲ್ಲೇ ಅವರ ಬದುಕಿನ ದೊಡ್ಡ ತಿರುವು ಇರುವುದು. ಸರ್ಜನ್ ಎಷ್ಟೇ ಗಟ್ಟಿಗನಾದರೂ ದಿನಕ್ಕೆ ಅವನಿಗೆ ಇರುವುದು ಎರಡೇ ಕೈ. ಅವನಿಗೆ ಜ್ವರ ಬಂದರೆ ಆಸ್ಪತ್ರೆಗೇ ಬೀಗ. ಅವನು ಊರಿಗೆ ಹೊರಟರೆ ಅಲ್ಲಿಗೆ ಎಲ್ಲ ಮುಗಿಯಿತು. ವಿದೇಶದಿಂದ ಡಾಕ್ಟರುಗಳನ್ನು ತರಿಸುತ್ತಾ ಕೂತರೆ ಈ ದೇಶದ ಹಳ್ಳಿಗಳಿಗೆ ಯಾವತ್ತಿಗೂ ಸಾಕಾಗುವುದಿಲ್ಲ. ಈ ನೆಲದ ಹುಡುಗರಿಗೇ ಕಲಿಸಬೇಕು.

1897ರಲ್ಲಿ ವಾನ್ಲೆಸ್ ಮಿರಜ್‌ನಲ್ಲಿ ವೈದ್ಯಕೀಯ ಶಾಲೆ ಶುರು ಮಾಡಿದರು. ಇಡೀ ದೇಶದಲ್ಲಿ ಮಿಷನ್ ಆಸ್ಪತ್ರೆಗಳು ನಡೆಸಿದ ವೈದ್ಯಕೀಯ ಶಾಲೆಗಳಲ್ಲಿ ಇದು ತೀರಾ ಮೊದಲಿನವುಗಳಲ್ಲಿ ಒಂದು. ಪಂಜಾಬಿನ ಲುಧಿಯಾನಾದಲ್ಲಿ ಎಡಿತ್ ಬ್ರೌನ್ ಹೆಣ್ಣುಮಕ್ಕಳಿಗಾಗಿ 1894ರಲ್ಲಿ ಶಾಲೆ ತೆರೆದಿದ್ದರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಶಾಲೆ ತೆರೆದದ್ದು 1918ರಲ್ಲಿ, ಮಿರಜ್‌ಗಿಂತ 21 ವರ್ಷ ತಡವಾಗಿ.

ಆ ವರ್ಷದ ಪರಿಸ್ಥಿತಿಯನ್ನೂ ನೆನಪಿಡಬೇಕು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಿತ್ತು, ಅಲ್ಲಿಂದ ಇಡೀ ಮುಂಬೈ ಪ್ರಾಂತ್ಯಕ್ಕೆ ಹಬ್ಬಿತು. 1899-1900ರಲ್ಲಿ ಭೀಕರ ಬರಗಾಲ. ಜನ ಊರು ಬಿಟ್ಟು ಓಡುತ್ತಿದ್ದ ಸಮಯದಲ್ಲಿ ಒಬ್ಬರು ಕೂತು ಹುಡುಗರಿಗೆ ಅಂಗರಚನೆ ಕಲಿಸುತ್ತಾರೆ ಅಂದರೆ ಅದು ಇವತ್ತಿನ ತುರ್ತಿಗೆ ಮಾತ್ರ ಅಲ್ಲ, 20 ವರ್ಷದ ಮುಂದಿನ ರೋಗಿಗಾಗಿ ಮಾಡಿದ ಕೆಲಸ.

ಶಸ್ತ್ರಚಿಕಿತ್ಸೆಯನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಪುಸ್ತಕ ಬೇಕು, ಆದರೆ ಸಾಲದು. ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೋವಾದ ಮುಸ್ಲಿಂ ಸರ್ಜನ್ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ 30 ಭಾಗದ ದೊಡ್ಡ ಗ್ರಂಥದ ಕೊನೆಯ ಭಾಗವನ್ನು ಪೂರ್ತಿ ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟು, ಉಪಕರಣಗಳ ಚಿತ್ರ ಸಹಿತ ವಿವರಿಸಿದ್ದರು. ದೇಹದ ರಚನೆ ಸರಿಯಾಗಿ ಗೊತ್ತಿಲ್ಲದವನು ಶಸ್ತ್ರ ಮುಟ್ಟಬಾರದು ಎಂಬುದು ಅವರ ಕಟ್ಟುನಿಟ್ಟು. ಅದೇ ಶಿಸ್ತು ಮಿರಜ್‌ಗೂ ಬೇಕಿತ್ತು. ಮೊದಲು ನೋಡು, ಆಮೇಲೆ ಕೈ ಜೋಡಿಸು, ಆಮೇಲೆ ಗುರುವಿನ ಕಣ್ಣೆದುರು ಮಾಡು, ಕೊನೆಗೆ ಒಬ್ಬನೇ ಮಾಡು. ಸರ್ಜನ್ ತಯಾರಾಗುವ ದಾರಿ ಅಂದಿಗೂ ಇಂದಿಗೂ ಇದೇ.

ಮಿರಜ್‌ನ ಜನಕ್ಕೆ ಈ ದಾರಿ ಹೊಸದೇನಲ್ಲ. ಖ್ವಾಜಾ ಮೀರಾ ಸಾಹೇಬರ ದರ್ಗಾ ಇರುವ ಅದೇ ಊರಿನಲ್ಲಿ, ಆಯುಧ ಮಾಡುತ್ತಿದ್ದ ಶಿಕಲಗಾರ ಮುಸ್ಲಿಂ ಕುಟುಂಬಗಳು 19ನೇ ಶತಮಾನದಲ್ಲೇ ಸಿತಾರ್, ತಂಬೂರಿ ಮಾಡುವ ಕಸುಬಿಗೆ ಇಳಿದಿದ್ದವು. ಫರೀದ್ ಸಾಹೇಬ್ ಸಿತಾರ್‌ಮೇಕರ್ ಅವರಿಂದ ಶುರುವಾದ ಆ ಪರಂಪರೆ ತಲೆಮಾರು ದಾಟಿ ಬಂದು, 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತು ಸಿಕ್ಕಿತು. ಉಸ್ತಾದರ ಪಕ್ಕದಲ್ಲಿ ಕೂತು, ಬೈಗುಳ ತಿಂದು, ವರ್ಷಗಟ್ಟಲೆ ಕೈ ಪಳಗಿಸಿಕೊಂಡರೆ ಮಾತ್ರ ಸೋರೆಬುರುಡೆಯಿಂದ ನಾದ ಬರುತ್ತದೆ. ಒಂದೇ ಊರು, ಎರಡು ಕಸುಬು. ಎರಡರಲ್ಲೂ ವಿದ್ಯೆ ಕೈಯಿಂದ ಕೈಗೆ ಬಂದದ್ದೇ.

ಕೈ ಚಳಕ ಸಾಕಾ, ಕಾಗದವೂ ಬೇಕಾ?

ಆದರೆ ಸಿತಾರ್‌ಗೂ ಶಸ್ತ್ರಚಿಕಿತ್ಸೆಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಸಿತಾರ್ ಕೆಟ್ಟರೆ ಇನ್ನೊಂದು ಮಾಡಬಹುದು, ಮನುಷ್ಯ ಕೆಟ್ಟರೆ ಆಗುವುದಿಲ್ಲ. ಹಾಗಾಗಿ ಕಲಿತವನು ನಿಜಕ್ಕೂ ಕಲಿತಿದ್ದಾನಾ ಅಂತ ಗುರುವಲ್ಲದೆ ಬೇರೆಯವರೂ ನೋಡಬೇಕು. 1912ರಲ್ಲಿ ಬಾಂಬೆ ಮೆಡಿಕಲ್ ಆ್ಯಕ್ಟ್ ಬಂತು. ವೈದ್ಯರ ಹೆಸರು ಸರಕಾರದ ರಿಜಿಸ್ಟರಿನಲ್ಲಿ ಇರಬೇಕು, ಅದಕ್ಕೆ ಮಾನ್ಯತೆ ಇರುವ ಅರ್ಹತೆ ಬೇಕು ಎಂಬ ಕಾಲ ಶುರುವಾಯಿತು. 1933ರಲ್ಲಿ ಇಡೀ ದೇಶಕ್ಕೆ ಮೆಡಿಕಲ್ ಕೌನ್ಸಿಲ್ ಕಾಯ್ದೆ ಬಂತು. 1946ರಲ್ಲಿ ಭೋರ್ ಸಮಿತಿ, ಕಡಿಮೆ ಅವಧಿಯ ಲೈಸೆನ್ಶಿಯೇಟ್ ಕೋರ್ಸುಗಳನ್ನು ನಿಲ್ಲಿಸಿ ಎಲ್ಲ ಡಾಕ್ಟರುಗಳಿಗೂ ಒಂದೇ ಮಟ್ಟದ ಪದವಿ ಇರಲಿ ಅಂತ ಶಿಫಾರಸು ಮಾಡಿತು.

ಈ ನಿಯಮಗಳಿಂದ ರೋಗಿಗೆ ರಕ್ಷಣೆ ಸಿಕ್ಕಿತು, ಅದು ದೊಡ್ಡ ಲಾಭ. ಆದರೆ ಒಂದು ಆಸ್ಪತ್ರೆ, ಕೆಲವೇ ಗುರುಗಳು, ಬೆರಳೆಣಿಕೆಯ ವಿದ್ಯಾರ್ಥಿಗಳು ಎಂಬಂಥ ಸಣ್ಣ ಶಾಲೆಗಳ ಕಾಲ ಅಲ್ಲಿಗೆ ಮುಗಿಯಿತು. ವೆಲ್ಲೂರು ಹಣ ಕೂಡಿಸಿ ಎಂಬಿಬಿಎಸ್ ಕಾಲೇಜಾಗಿ ಬೆಳೆಯಿತು. ಮಿರಜ್‌ನಲ್ಲಿ 1962ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂತು. ವಾನ್ಲೆಸ್ ಹಾಕಿದ ಬೀಜ ಬೇರೆ ಹೆಸರಲ್ಲಿ ಮರವಾಯಿತು ಅನ್ನಬಹುದು.

ಅವರು ತಾವೇ ಕಲಿಯುವುದನ್ನೂ ನಿಲ್ಲಿಸಲಿಲ್ಲ. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಶುರುವಾದದ್ದು 1913ರಲ್ಲಿ. ಅದರ ಫೆಲೋ ಎಂಬ ಮನ್ನಣೆ ವಾನ್ಲೆಸ್ ಅವರಿಗೆ ಸಿಕ್ಕಿತ್ತು. ಮಿರಜ್‌ನಂಥ ಊರಲ್ಲಿ ಕೂತು ಕೆಲಸ ಮಾಡುವವನ ಗುಣಮಟ್ಟ ನ್ಯೂಯಾರ್ಕಿನವನಿಗಿಂತ ಕಡಿಮೆ ಇರಬೇಕಾಗಿಲ್ಲ ಅಂತ ತೋರಿಸಿದ ಹಾಗಾಯಿತು.

ಕೈ ಮುದುಡಿದವರು

1900ರಲ್ಲಿ ವಾನ್ಲೆಸ್ ಅವರ ಪ್ರಯತ್ನದಿಂದ ಮಿರಜ್‌ನಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಬಂತು. ಕರಾವಳಿಯವರಿಗೆ ಇದು ಅಪರಿಚಿತ ಕಥೆಯಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅದಕ್ಕೂ 10 ವರ್ಷ ಮೊದಲೇ, 1890ರಲ್ಲಿ, ಕುಷ್ಠರೋಗಿಗಳಿಗೆ ಮನೆ ಕಟ್ಟಿಸಿದ್ದರು. ಆಗ ಈ ರೋಗ ಬಂದವರನ್ನು ಸ್ವಂತ ಮನೆಯವರೇ ಹೊರಗೆ ಹಾಕುತ್ತಿದ್ದರು. 1898ರ ಲೆಪರ್ಸ್ ಕಾಯ್ದೆ ಬೀದಿಯಲ್ಲಿ ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಹೋಗಲು ಜಾಗವೇ ಇಲ್ಲದವರಿಗೆ ತಲೆಯ ಮೇಲೊಂದು ಸೂರು ಸಿಕ್ಕಿದ್ದೇ ದೊಡ್ಡದು.

ಸೂರು ಸಿಕ್ಕಿತು, ಅನ್ನ ಸಿಕ್ಕಿತು, ಗಾಯಕ್ಕೆ ಬಟ್ಟೆ ಸಿಕ್ಕಿತು. ಸಿಗದೆ ಉಳಿದದ್ದು ಕೈ. ಬೆರಳು ಒಳಗೆ ಮಡಚಿಕೊಂಡು ಹದ್ದಿನ ಉಗುರಿನ ಹಾಗೆ ಆಗಿಬಿಟ್ಟರೆ ಅನ್ನ ಕಲಸಲು ಆಗುವುದಿಲ್ಲ, ಗುಂಡಿ ಹಾಕಲು ಆಗುವುದಿಲ್ಲ. ಸಾವಿರಾರು ಆಪರೇಶನ್ ಮಾಡಿದ ಆ ತಲೆಮಾರಿನ ಸರ್ಜನ್‌ಗಳಿಗೆ ಈ ಕೈಗಳಿಗೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಕುಷ್ಠದ ಮಾಂಸವೇ ಕೊಳೆತು ಬೀಳುತ್ತದೆ, ಅದಕ್ಕೆ ಹೊಲಿಗೆ ಹಾಕಿದರೂ ನಿಲ್ಲದು ಎಂಬ ನಂಬಿಕೆ ಎಲ್ಲೆಡೆ ಇತ್ತು.

ಉತ್ತರ ಬಂದದ್ದು ವಾನ್ಲೆಸ್ ತೀರಿಕೊಂಡ ಮೇಲೆ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲೇ ಹುಟ್ಟಿದವರು, ಈ ಕೈಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ರೋಗಾಣು ನರವನ್ನು ಹಾಳು ಮಾಡುತ್ತದೆ. ನರ ಸತ್ತರೆ ಅಂಗೈಯ ಸಣ್ಣ ಸ್ನಾಯುಗಳು ಸೋಲುತ್ತವೆ, ಬೆರಳು ಮಡಚಿಕೊಳ್ಳುತ್ತದೆ. ನೋವೇ ಗೊತ್ತಾಗದ ಕಾರಣ ಬಿಸಿ ಪಾತ್ರೆ ಹಿಡಿದರೂ, ಚೂರಿ ತಾಗಿದರೂ ತಿಳಿಯದು, ಗಾಯ ಕೀವಾಗಿ ಬೆರಳು ಸವೆದು ಹೋಗುತ್ತದೆ. ಅಂದರೆ ಮಾಂಸದಲ್ಲಿ ದೋಷವಿಲ್ಲ. ಮುಂದೋಳಿನಲ್ಲಿ ಗಟ್ಟಿಯಾಗಿ ಉಳಿದ ಸ್ನಾಯುವಿನ ತಂತು ತೆಗೆದು, ಸೋತ ಸ್ನಾಯುವಿನ ಕೆಲಸಕ್ಕೆ ಅದನ್ನು ಜೋಡಿಸಿದರೆ ಬೆರಳು ಮತ್ತೆ ಬಿಚ್ಚುತ್ತದೆ. ಕೆಲವು ವಾರ ಪ್ಲಾಸ್ಟರ್, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಹೊಸ ಜಾಗಕ್ಕೆ ಬಂದ ಸ್ನಾಯುವಿಗೆ ಹೊಸ ಕೆಲಸವನ್ನು ಮೆದುಳು ಕಲಿಸಬೇಕು.

ಜಗತ್ತಿನಲ್ಲೂ ಅದೇ ಹೊತ್ತಿಗೆ ಕೈಯ ಶಸ್ತ್ರಚಿಕಿತ್ಸೆ ಪ್ರತ್ಯೇಕ ವಿಭಾಗವಾಗಿ ಎದ್ದು ನಿಂತಿತು. ಎರಡನೇ ಮಹಾಯುದ್ಧದಲ್ಲಿ ಕೈಗೆ ಗಾಯವಾದ ಸೈನಿಕರಿಗಾಗಿ ಅಮೆರಿಕದ ಸ್ಟರ್ಲಿಂಗ್ ಬನೆಲ್ ಡಾಕ್ಟರುಗಳಿಗೆ ತರಬೇತಿ ಕೊಟ್ಟರು. 1944ರಲ್ಲಿ ಅವರ ಗ್ರಂಥ ಬಂತು, 1946ರಲ್ಲಿ ಅಲ್ಲಿ ಹ್ಯಾಂಡ್ ಸರ್ಜನ್‌ಗಳ ಸಂಘ ಹುಟ್ಟಿತು. ಮಿರಜ್‌ನಲ್ಲಿ ಸೂರು ಸಿಕ್ಕವರ ಮಕ್ಕಳ ಕಾಲಕ್ಕೆ ಕೈಯೂ ಸಿಗುವ ದಾರಿ ತೆರೆಯಿತು.

ದುಃಖ, ಗೌರವ, ವಿದಾಯ

1906ರಲ್ಲಿ ಮೇರಿ ತೀರಿಕೊಂಡರು. ಹೊಸ ದೇಶ, ಹೊಸ ಭಾಷೆ, ಪ್ಲೇಗು, ಬರ ಎಲ್ಲದರಲ್ಲೂ 17 ವರ್ಷ ಜೊತೆಗಿದ್ದವರು. ಅವರ ಹೆಸರಿನ ಆಸ್ಪತ್ರೆ ಕೊಲ್ಲಾಪುರದಲ್ಲಿದೆ. ವಾನ್ಲೆಸ್ ಊರಿಗೆ ವಾಪಸು ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಮರುವರ್ಷ ಲಿಲಿಯನ್ ಹೇವನ್ಸ್ ಅವರನ್ನು ಮದುವೆಯಾಗಿ ಕೆಲಸ ಮುಂದುವರಿಸಿದರು. 1920ರಲ್ಲಿ ಸಾಂಗ್ಲಿ-ಮಿರಜ್ ನಡುವೆ ಕ್ಷಯರೋಗಿಗಳ ಆಸ್ಪತ್ರೆ ಬಂತು. ಆ ಜಾಗಕ್ಕೆ ವಾನ್ಲೆಸ್‌ವಾಡಿ ಅಂತಲೇ ಹೆಸರು. ಪರದೇಶದಿಂದ ಬಂದ ಒಬ್ಬನ ಹೆಸರನ್ನು ಒಂದು ವಾಡಿಗೆ ಇಟ್ಟುಕೊಳ್ಳಬೇಕಾದರೆ ಜನರ ಮನಸ್ಸಲ್ಲಿ ಅವನ ಬಗ್ಗೆ ಏನಿತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಬ್ರಿಟಿಷ್ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು, 1928ರಲ್ಲಿ ಸರ್ ಪದವಿಯೂ ಬಂತು. ಅದೇ ವರ್ಷ, ಸುಮಾರು 40 ವರ್ಷದ ಸೇವೆ ಮುಗಿಸಿ ಅವರು ಮಿರಜ್ ಬಿಟ್ಟರು. ಬಂದಾಗ 24, ಹೊರಟಾಗ 63. 1933ರ ಮಾರ್ಚ್ 3ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ತೀರಿಕೊಂಡರು. ಅವರು ಹೋದ ಮೇಲೂ ಮಿರಜ್ ಆಸ್ಪತ್ರೆ ಮುಚ್ಚಲಿಲ್ಲ. ಕಲಿತ ಕೈಗಳು ಅಲ್ಲಿದ್ದವು.

ಇಂದು ಹ್ಯಾಂಡ್ ಸರ್ಜನ್ ಆಗುವುದು ಹೇಗೆ?

ವಾನ್ಲೆಸ್ ಕಾಲದಲ್ಲಿ ಇಲ್ಲದ ದಾರಿ ಇಂದಿನ ಮಕ್ಕಳಿಗೆ ಇದೆ. ಪಿಯುಸಿಯಲ್ಲಿ ವಿಜ್ಞಾನ, ಆಮೇಲೆ ನೀಟ್. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್. ನಂತರ ಮೂರು ವರ್ಷದ ಎಂಎಸ್, ಮೂಳೆ ವಿಭಾಗದಲ್ಲೋ ಜನರಲ್ ಸರ್ಜರಿಯಲ್ಲೋ. ಅದಾದ ಮೇಲೆ ನೀಟ್-ಎಸ್‌ಎಸ್ ಬರೆದು ಮೂರು ವರ್ಷದ ಎಂಸಿಎಚ್ ಹ್ಯಾಂಡ್ ಸರ್ಜರಿ, ಅಥವಾ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಹ್ಯಾಂಡ್ ಆ್ಯಂಡ್ ಮೈಕ್ರೋ ಸರ್ಜರಿ ಫೆಲೋಶಿಪ್. ಲೆಕ್ಕ ಹಾಕಿದರೆ ಪಿಯುಸಿ ಮುಗಿದ ಮೇಲೆ 11 ವರ್ಷ ಹತ್ತಿರ. ಉದ್ದದ ದಾರಿ ನಿಜ. ಆದರೆ ಕೂದಲಿಗಿಂತ ಸಪೂರ ನೂಲಿನಿಂದ, ಮೈಕ್ರೋಸ್ಕೋಪ್ ಕೆಳಗೆ, ಒಂದೆರಡು ಮಿಲಿಮೀಟರ್ ದಪ್ಪದ ರಕ್ತನಾಳ ಹೊಲಿಯುವ ಕೈ ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಇದಕ್ಕೆ ಗಂಡು ಹೆಣ್ಣು ಭೇದವಿಲ್ಲ. ಮನೆಯಲ್ಲಿ ಕೂತು ಬೀಡಿ ಸುತ್ತಿದ ಉಮ್ಮನ ಮಗಳಿಗೆ ಆ ತಾಳ್ಮೆ, ಆ ಬೆರಳಿನ ನಯ ರಕ್ತದಲ್ಲೇ ಬಂದಿರಬಹುದು.

ಎಲ್ಲರೂ ತಿಳಿದಿರಬೇಕಾದ ಇನ್ನೊಂದು ಸಂಗತಿ. ಅಪಘಾತದಲ್ಲಿ ಬೆರಳು ತುಂಡಾದರೆ ಅದನ್ನು ಬಿಸಾಡಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಇರುವ ಇನ್ನೊಂದು ಚೀಲದಲ್ಲಿ ಇಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು, ತಾಗಿದರೆ ಕೆಡುತ್ತದೆ. ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿಕೊಂಡು, ಮರುಜೋಡಣೆ ಮಾಡುವ ಆಸ್ಪತ್ರೆಗೆ ಆದಷ್ಟು ಬೇಗ ಹೋಗಿ. ಹಾಗೆಯೇ ಚರ್ಮದಲ್ಲಿ ಸ್ಪರ್ಶ ಗೊತ್ತಾಗದ ಬಿಳಿಚಿದ ಕಲೆ ಕಂಡರೆ ನಾಚಿಕೆ ಬೇಡ. ಕುಷ್ಠಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಮದ್ದು ಉಚಿತ. ಬೇಗ ಶುರು ಮಾಡಿದರೆ ಕೈ ಮುದುಡುವ ತನಕ ಹೋಗುವುದೇ ಇಲ್ಲ.

ವಾನ್ಲೆಸ್ ಕಟ್ಟಿದ ಕಟ್ಟಡಗಳು ಹಳತಾಗಿವೆ, ಅವರು ಬಳಸಿದ ಮದ್ದುಗಳು ಯಾವತ್ತೋ ಮೂಲೆ ಸೇರಿವೆ. ಉಳಿದದ್ದು ಅವರು ಹುಡುಗರಿಗೆ ಕಲಿಸಿದ ವಿದ್ಯೆ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಾ ಇದೆ. ಮಸೀದಿ ಕಟ್ಟಲು, ಮದುವೆಗೆ ಹಂಚಲು ಧಾರಾಳವಾಗಿ ಕೈ ಬಿಚ್ಚುವ ಸಮುದಾಯ, 11 ವರ್ಷ ಓದಬೇಕಾದ ಒಬ್ಬ ಬಡ ಹುಡುಗ ಅಥವಾ ಹುಡುಗಿಯ ಬೆನ್ನಿಗೂ ನಿಂತರೆ, ನಾಳೆ ದಕ್ಕೆಯಲ್ಲಿ ಬೆರಳು ಕಳೆದುಕೊಂಡವನಿಗೆ ಕೈ ಹೊಲಿಯಲು ನಮ್ಮವರೇ ಒಬ್ಬರು ಇರುತ್ತಾರೆ.